ಬಂಡೆಯ ಸಂದಿನಲ್ಲಿ ಒಂದು ಭಾನುವಾರ

ಸಿನಿಮಾ ನೋಡುವಾಗ ಪರದೆಯ ಮೇಲಿನವರಿಗೆ ಬುದ್ಧಿ ಹೇಳುವುದು ನನ್ನ ಹಳೆಯ ಚಾಳಿ. ಐವತ್ತರ ದಶಕದಲ್ಲಿ ಮೈಸೂರಿಗೆ ಒಂದು ಇಂಗ್ಲಿಷ್ ಚಿತ್ರ ಬಂದಿತ್ತು. ಅದರಲ್ಲಿ ಇದ್ದವನು ಒಬ್ಬನೇ ಮನುಷ್ಯ. ಹಿಮ ಸುರಿಯುವ ಕಾಡಿನಲ್ಲಿ ಉರುಳಿಬಿದ್ದ ಮರದ ಕೆಳಗೆ ಅವನ ಕಾಲು ಸಿಕ್ಕಿಕೊಳ್ಳುತ್ತದೆ. ಉಳಿದದ್ದೆಲ್ಲ ಅವನ ಒದ್ದಾಟ. ನನ್ನ ಹೆಂಡತಿ ಶಾರದೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದಳು. ನಾನು ಮಾತ್ರ, "ಅಯ್ಯೋ ದಡ್ಡ, ಆ ಕೊಂಬೆ ತಗೊಂಡು ಮೀಟೋ!" ಎಂದು ಗೊಣಗುತ್ತಲೇ ಇದ್ದೆ. ಅವನು ಕೊನೆಗೆ ಹೇಗೋ ಬದುಕಿಕೊಂಡ. ಅವನ ಜಾಗದಲ್ಲಿ ನಾನಿದ್ದಿದ್ದರೆ ಎಷ್ಟು ಬೇಗ ಎದ್ದು ಬರುತ್ತಿದ್ದೆ ಎಂಬುದನ್ನು ಒಂಟಿಕೊಪ್ಪಲಿನ ನಮ್ಮ ಮನೆ ಸೇರುವವರೆಗೂ ವಿವರಿಸಿದೆ. "ಮೊದ್ಲು ಹೊಸಿಲು ಎಡವದೆ ಒಳಗೆ ಬನ್ನಿ" ಎಂದಳು ಶಾರದೆ.

ಮುಂದಿನ ಭಾನುವಾರ ಚಾಮುಂಡಿ ಬೆಟ್ಟಕ್ಕೆ ಹೋದೆವು. ದರ್ಶನ ಮುಗಿಸಿ ಇಳಿಯುವಾಗ ಅವಳು ಮೆಟ್ಟಿಲ ದಾರಿ ಹಿಡಿದಳು. ನನಗೆ ಸಿನಿಮಾದ ಕಾವು ಇನ್ನೂ ಆರಿರಲಿಲ್ಲ. "ನೀನು ನಂದಿ ಹತ್ರ ಬಾ. ನಾನು ಬಂಡೆ ಮೇಲಿಂದ ಇಳಿದು ನಿನಗಿಂತ ಮೊದ್ಲೇ ಬಂದಿರ್ತೀನಿ" ಎಂದು ಪೊದೆಗಳೊಳಗೆ ನುಗ್ಗಿದೆ. ಸ್ವಲ್ಪ ದೂರ ಸಲೀಸಾಗಿಯೇ ಇತ್ತು. ಆಮೇಲೆ ಒಂದು ಬಂಡೆಯಿಂದ ಇನ್ನೊಂದಕ್ಕೆ ಹಾರಿದೆ. ಅದು ಮಗ್ಗುಲಿಗೆ ವಾಲಿತು. ನನ್ನ ಎಡಗಾಲು ಸಂದಿಗಿಳಿಯಿತು; ಬಂಡೆ ಅದನ್ನು ಕಚ್ಚಿಕೊಂಡಿತು.

ಮೊದಲು ನಗು ಬಂತು. ಕಾಲು ಎಳೆದೆ, ಬರಲಿಲ್ಲ. ಬೂಟಿನ ದಾರ ಬಿಚ್ಚೋಣವೆಂದರೆ ಕೈ ಎಟುಕದು. ಒಣಕೊಂಬೆಯೊಂದು ಸಿಕ್ಕಿತು, ಮೀಟಿದೆ, ಮುರಿಯಿತು. ಅಷ್ಟು ಹೊತ್ತಿಗೆ ಪಾದ ಊದಿಕೊಂಡು ನೋವು ಮಂಡಿಗೆ ಹತ್ತಿತ್ತು. ಕೆಳಗೆ ಇಡೀ ಮೈಸೂರು ಹರಡಿಕೊಂಡಿತ್ತು. ಅರಮನೆಯ ಗೋಪುರ ನನಗೆ ಕಾಣುತ್ತಿತ್ತು. ನಾನು ಯಾರಿಗೂ ಕಾಣುತ್ತಿರಲಿಲ್ಲ.

ಕೂಗಬೇಕು. ಆದರೆ ಏನೆಂದು? ಸಿನಿಮಾದವನು ಕೂಗಿದ ಮಾತನ್ನು ಕನ್ನಡಕ್ಕೆ ತಂದು "ಸಹಾಯ! ಸಹಾಯ!" ಎಂದರೆ ಯಾವುದೋ ಸಂಘಕ್ಕೆ ಚಂದಾ ಎತ್ತಿದ ಹಾಗಾಗುತ್ತದೆ. "ಕಾಪಾಡಿ" ಎನ್ನುವುದು ನಾಟಕದ ಕಂಪನಿಯವರ ಸೊತ್ತು. "ಯಾರಾದ್ರೂ ಇದ್ದೀರಾ?" ಎಂದರೆ ಯಾರದೋ ಮನೆಯ ಬಾಗಿಲು ತಟ್ಟಿದಂತೆ. ನಿಜ ಹೇಳಬೇಕೆಂದರೆ, ಈ ಭಾಷಾಶಾಸ್ತ್ರವೆಲ್ಲ ಹೊಳೆದದ್ದು ಆಮೇಲೆ, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿ ಕೂತಾಗ. ಬೆಟ್ಟದಲ್ಲಿ ನಾನು ಬರೀ "ಅಮ್ಮಾ" ಎಂದು ಗಂಟಲು ಹರಿಯುವಂತೆ ಅರಚಿದೆ.

ಬಿಸಿಲು ಇಳಿಯಿತು. ಪೊದೆಯ ಬುಡದಲ್ಲಿ ಬಿದ್ದಿದ್ದ ವಸ್ತು ಆಗ ಕಣ್ಣಿಗೆ ಬಿತ್ತು. ಮೇಕೆಯ ಕಾಲು, ಗೊರಸು ಸಮೇತ. ಅದರ ಮೇಲಿನ ಮಾಂಸ ಇನ್ನೂ ಪೂರ್ತಿ ಒಣಗಿರಲಿಲ್ಲ. ಬೆಟ್ಟದಲ್ಲಿ ಚಿರತೆ ಓಡಾಡುತ್ತಿದೆಯೆಂದು ಜನ ಹೇಳಿದಾಗ ನಕ್ಕವನು ನಾನು. ಈಗ ಅರಚಲೂ ಹೆದರಿಕೆ. ಮೊದಲು ಯಾರ ಕಿವಿಗೆ ಬೀಳುತ್ತದೋ! ಪೊದೆ ಅಲುಗಿತು. ಕೈಗೆ ಸಿಕ್ಕ ಕಲ್ಲು ಹಿಡಿದೆ. ಅಲುಗುವುದು ನಿಂತಿತು. ಮತ್ತೆ ಅಲುಗಿತು, ಈ ಸಲ ಇನ್ನೂ ಹತ್ತಿರದಲ್ಲಿ. ಎದೆ ಬಡಿಯುವುದು ಸಿಕ್ಕಿಕೊಂಡ ಕಾಲಿನೊಳಗೂ ಗೊತ್ತಾಗುತ್ತಿತ್ತು. ಕೊನೆಗೆ ಹೊರಬಂದದ್ದು ಒಂದು ಹೆಣ್ಣು ನವಿಲು. ನನ್ನನ್ನು ಒಮ್ಮೆ ನೋಡಿ ತನ್ನ ಪಾಡಿಗೆ ಹೋಯಿತು. ಕೈಯಲ್ಲಿದ್ದ ಕಲ್ಲನ್ನು ಕೆಳಗಿಡಲು ಮಾತ್ರ ನನಗಾಗಲಿಲ್ಲ.

ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ "ರೀ...!" ಎಂದು ಕೇಳಿಸಿತು. ಭಾನುವಾರದ ಬೆಟ್ಟದಲ್ಲಿ "ರೀ" ಎಂದರೆ ಮದುವೆಯಾದ ಗಂಡಸರೆಲ್ಲ ತಿರುಗಿ ನೋಡುತ್ತಾರೆ. ಅದು ನನ್ನ "ರೀ"ಯೋ, ಇನ್ನೊಬ್ಬರದೋ? ಉತ್ತರ ಕೊಡಲು ಹೋದೆ, ಗಂಟಲು ಕಟ್ಟಿಹೋಗಿತ್ತು. ದನಿ ದೂರವಾಗುತ್ತಾ ಹೋಯಿತು. ಅದು ಪೂರ್ತಿ ನಿಂತಾಗ, ಇನ್ನು ಕತ್ತಲಾಗುತ್ತದೆ ಎಂದುಕೊಂಡು ಕಣ್ಣು ಮುಚ್ಚಿದೆ.

"ಸದಾಶಿವಾ...!"

ನನ್ನ ಹೆಸರು. ಶಾರದೆಯ ದನಿ. ಮದುವೆಯಾದಾಗಿನಿಂದ ಅವಳು ಆ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಅಷ್ಟೋತ್ತರ ಓದುವಾಗ ಶಿವನ ಆ ನಾಮ ಬಂದರೂ ನುಂಗಿಕೊಂಡು ಮುಂದಕ್ಕೆ ಹೋಗುವಳು. ಈಗ "ರೀ" ಎನ್ನುವುದೂ ಇಲ್ಲ, "ರಾಯರೇ" ಎನ್ನುವುದೂ ಇಲ್ಲ. ಬೀದಿಯಲ್ಲಿ ಆಡುವ ಹುಡುಗನನ್ನು ಊಟಕ್ಕೆ ಕರೆಯುವಂತೆ, "ಸದಾಶಿವಾ! ಎಲ್ಲಿದ್ದೀಯೋ!" ದನಿ ಒಡೆದು ಅಳು ಸೇರಿಕೊಂಡಿತ್ತು.

"ಓ!" ಎಂದೆ. ಗಂಟಲು ಅದು ಹೇಗೆ ಬಿಟ್ಟುಕೊಂಡಿತೋ! "ಓ! ಇಲ್ಲಿದ್ದೀನಿ ಕಣೇ!"

ಪೊದೆ ಸರಿಸಿಕೊಂಡು ಬಂದಳು. ತುರುಬು ಬಿಚ್ಚಿತ್ತು, ಸೀರೆಯ ತುಂಬ ಮುಳ್ಳು. ಹಿಂದೆಯೇ ನಂದಿಯ ಹತ್ತಿರ ತೆಂಗಿನಕಾಯಿ ಮಾರುವ ಮರಿಯಪ್ಪ. ಚಿರತೆಯ ಭಯಕ್ಕೆ ಕಾಯಿ ಸುಲಿಯುವ ಹಾರೆಯನ್ನು ಕೈಯಲ್ಲಿ ಹಿಡಿದೇ ಬಂದಿದ್ದ.

"ಇದೆಂಗ್ ಸಿಕ್ಕಾಕ್ಕೊಂಡ್ರಿ ಸ್ವಾಮಿ? ಅಮ್ಮಾವ್ರೇ, ನೀವು ರಟ್ಟೆ ಇಡ್ಕಳಿ, ನಾ ಮೀಟ್ತೀನಿ" ಎಂದ.

ಅವನು ಮೀಟಿದ, ಅವಳು ಎಳೆದಳು, ನಾನು ಕಿರುಚಿದೆ. ಬಂಡೆ ಬೆರಳಗಲ ಅಲುಗಿತು. ಕಾಲು ಬಂತು, ಬೂಟು ಅಲ್ಲೇ ಉಳಿಯಿತು. ಶಾರದೆ ಒಂದು ಮಾತೂ ಬೈಯಲಿಲ್ಲ. ಊದಿದ ಪಾದವನ್ನು ಮಡಿಲಲ್ಲಿಟ್ಟುಕೊಂಡು, ಸೆರಗಿನ ಅಂಚು ಹರಿದು ಕಟ್ಟಿದಳು.

ಇಬ್ಬರ ಹೆಗಲ ಮೇಲೆ ಕೈ ಹಾಕಿ ಕುಂಟುತ್ತಾ ಇಳಿದೆ. ಊರಿನಲ್ಲಿ ಒಂದೊಂದೇ ದೀಪ ಹತ್ತತೊಡಗಿತ್ತು. ನಂದಿಯ ಹತ್ತಿರ ಬಂದು, ಮರಿಯಪ್ಪ ಜಟಕಾ ಹುಡುಕಲು ಮುಂದೆ ಹೋದ ಮೇಲೆ, ಮೆಲ್ಲಗೆ ಕೇಳಿದೆ:

"ಇನ್ನೊಂದ್ಸಲ ಕರಿಯೇ."

"ಏನಂತ?"

"ಅದೇ, ಆಗ ಕರೆದ್ಯಲ್ಲ, ಹಾಗೆ."

ಶಾರದೆ ಸೆರಗು ಸರಿಮಾಡಿಕೊಂಡಳು. "ಆಗ ನೀವು ಕಳೆದುಹೋಗಿದ್ರಿ. ಈಗ ಸಿಕ್ಕಿದ್ದೀರಲ್ಲ, ಸುಮ್ಮನೆ ನಡೀರಿ" ಎಂದಳು.