ಸಾವಕ್ಕ ಧಾರಿ ಎರದ ನೀರು

ಅಮ್ಮಿನಬಾವಿ ಊರಾಗ ಸಾವಕ್ಕನ ಹೊಲದಾಗ ಒಂದು ಬಾವಿ ಇತ್ತು. ಬ್ಯಾಸಗ್ಯಾಗೂ ಬತ್ತಿದ್ದಿಲ್ಲ. ಅರ್ಧ ಊರು ಕೊಡ ಹೊತ್ತು ಅಲ್ಲಿಗೇ ಬರ್ತಿತ್ತು. ನೀರಿಗೆ ರೊಕ್ಕ ಹಿಡದ್ರ ಪಾಪ ಅಂತ ಆಕಿಗೆ ಅತ್ತಿ ಕಲಿಸಿದ್ದು.

ಎರಡು ಸಾವಿರದ ನಾಲ್ಕರಾಗ ಕಂಪನಿಯೊಂದು ಬಂತು. ಗೊಬ್ಬರಕ್ಕ ಅಮೋನಿಯಾ ಬೇಕಲ್ಲ, ಅದನ್ನ ಎಲ್ಲಾರೂ ಎಣ್ಣಿ, ಗ್ಯಾಸ್ ಸುಟ್ಟು ಮಾಡ್ತಾರ. ನಾವು ಗಾಳಿ ಕರೆಂಟಿನಿಂದ ನೀರು ಒಡದು, ಅದರಾಗಿನ ಹೈಡ್ರೋಜನ್ ತಗದು ಮಾಡ್ತೇವಿ, ಹೊಗೀನ ಇಲ್ಲ ಅಂದ್ರು. ಮ್ಯಾನೇಜರ್ ಶಿವಯೋಗೀಶ ಸಾವಕ್ಕನ ಕಟ್ಟಿ ಮ್ಯಾಲ ಕುಂತು ಚಹಾ ಕುಡದ.

"ಟವರು, ತಂತಿ, ಟಾಕಿ ಎಲ್ಲಾ ನಮ್ಮದು. ನೀರಷ್ಟ ನಿಮ್ಮದು. ಬಾಡಿಗಿ ಎಷ್ಟು ಹೇಳ್ರಿ, ಅವ್ವಾರ."

"ನೀರಿಗೆ ಬಾಡಿಗಿ? ಛೀ! ನನ್ನ ಮಗ ಪರಮೇಶಗೊಂದು ನೌಕರಿ ಕೊಡ್ರಿ, ಸಾಕು."

ಅಂದಾಕಿನ ತಂಬಿಗಿ ತಂದು ಅವನ ಅಂಗೈಯಾಗ ನೀರು ಎರದು, "ಕೊಟ್ಟೇನಿ" ಅಂದ್ಲು. ಹುಚ್ಚಿ! ಧಾರಿ ಎರದದ್ದನ್ನ ತಿರುಗಿ ಕೇಳಬಾರದು ಅನ್ನೂದು ಆಕಿ ನೇಮ. ಊರಿಗೆ ಒಂದಿಷ್ಟು ಉಳಿಸಬೇಕು ಅನ್ನೂದು ಶಿವಯೋಗೀಶನ ನೇಮ ಆಗಿರಲಿಲ್ಲ.

ಪರಮೇಶ ಗೇಟಿನ ವಾಚ್‌ಮನ್ ಆದ. ಖಾಕಿ ಅಂಗಿ ನೋಡಿ ಅವ್ವ ದೃಷ್ಟಿ ತಗದ್ಲು. ಆದ್ರ ಗಾಳಿ ಏನು ಇವರಪ್ಪನ ಮನಿ ಆಳ? ಬೇಕಾದಾಗ ಬೀಸಲಿಲ್ಲ. ಗದಗದ ಕಡಿಂದ ಗಾಳಿ ಕರೆಂಟ್ ತರೂ ತಂತಿ ಟವರು ಅರ್ಧಕ್ಕ ನಿಂತವು. ಕರೆಂಟ್ ಕೂಡಿಡೂ ವ್ಯವಸ್ಥಾನೂ ಇರಲಿಲ್ಲ. ಯಂತ್ರ ನಿಂದರಬಾರದು ಅಂತ ಡೀಸೆಲ್ ಜನರೇಟರ್ ಹಚ್ಚಿದ್ರು. ಹೊಗಿ ಇಲ್ಲದ ಕಾರ್ಖಾನಿ ಹೊಗಿ ಸಾವಕ್ಕನ ಜ್ವಾಳದ ಕಣದ ಮ್ಯಾಲ ಬಂದು ಕುಂತಿತು.

ಪಂಪು ಹಗಲೂ ರಾತ್ರಿ ಎಳದು ಬಾವಿ ತಳಾ ಕಂಡಿತು. ಬಾವಿ ಈಗ ಕಂಪನಿ ಗೋಡಿ ಒಳಗ, ಊರವರು ಕೊಡ ಹೊತ್ತು ಗೇಟಿಗೆ ಬಂದ್ರು. ಒಂದು ಕೊಡ ನೀರು ಬಿಟ್ಟದ್ದಕ್ಕ ಇನ್ನೊಬ್ಬ ವಾಚ್‌ಮನ್ ಗೋವಿಂದಪ್ಪನ್ನ ಅವತ್ತ ನೌಕರಿ ಬಿಡಿಸಿ ಮನಿಗೆ ಕಳಿಸಿದ್ರು. ಆಮ್ಯಾಲ ಯಾರೂ ಬಿಡಲಿಲ್ಲ. ಊರವರು ಸಾವಕ್ಕಗ ಬಯ್ದು ಮಾತು ಬಿಟ್ರು.

ಮನ್ಯಾಗ ಎಮ್ಮಿ ಬಾಯಿ ತಗದು ಒದರಾಕತ್ತಿತ್ತು. ಎರಡು ದಿನ ತಡದು, ನಾಚಿಕಿ ಬಿಟ್ಟು ಸಾವಕ್ಕ ಕೊಡ ಹೊತ್ತು ಗೇಟಿಗೆ ಹೋದ್ಲು. ಮಗನ ಮಗ್ಗಲದಾಗ ಶಿವಯೋಗೀಶನ ಜಾಗಾಕ್ಕ ಬಂದ ಹೊಸಾ ಸಾಹೇಬ ನಿಂತಿದ್ದ.

"ತಮ್ಮಾ, ಒಂದು ಕೊಡ..."

ಪರಮೇಶ ಆಕಿ ಮಾರಿ ನೋಡಲಿಲ್ಲ. "ಹಿಂದ ಸರೀರಿ, ಅಜ್ಜಿ. ಇಲ್ಲೆ ನೀರು ಕೊಡೂದಿಲ್ಲ."

"ಯಾರಪಾ ಆಕಿ? ನಿನ್ನ ಗುರ್ತಿನಾಕಿ ಏನು?" ಸಾಹೇಬ ಕೇಳಿದ.

ಪರಮೇಶ ಬಾಯಿ ತಗಿಯೂದ್ರಾಗ ಸಾವಕ್ಕ ತಾನ ಅಂದ್ಲು:

"ಇಲ್ರಿ ಸಾಹೇಬ್ರ. ಈ ಹುಡುಗ ಯಾರು ಅಂತ ನನಗ ಗೊತ್ತಿಲ್ಲ."