ನಾವ್ ಖಾಲಿ

ನಮ್ಮ ಜ್ಯೂನಿಯರ್ ಕಾಲೇಜಿಗೆ ಈಗ ಅಕ್ಕಲಕೋಟ ರಸ್ತೆಯಲ್ಲಿ ಸ್ವಂತ ಕಟ್ಟಡವಿದೆ. ಎರಡು ಹಾಸ್ಟೆಲುಗಳಿವೆ. ವಳಸಂಗ, ಹೋಟಗಿ ಕಡೆಯಿಂದ ಮಕ್ಕಳನ್ನು ತರುವ ಹಳದಿ ಬಸ್ಸುಗಳಿವೆ. ಮೆಡಿಕಲ್ಲು, ಎಂಜಿನಿಯರಿಂಗಿಗೆ ಸೀಟು ಸಿಕ್ಕ ಮಕ್ಕಳ ಮುಖಗಳು ಪ್ರತಿ ವರ್ಷ ಫ್ಲೆಕ್ಸಿನಲ್ಲಿ ಗೇಟಿನ ಮೇಲೆ ಏರುತ್ತವೆ. ನಾನು ದಿನಾ ಅದರ ಕೆಳಗೇ ಹಾದು ಒಳಗೆ ಹೋಗುತ್ತೇನೆ, ಆದರೆ ತಲೆ ಎತ್ತಿ ನೋಡುವುದು ಕಡಿಮೆ. ಅದಕ್ಕೆ ಒಂದು ಕಾರಣವಿದೆ. ಹೋದ ಚಳಿಗಾಲದ ತನಕ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಈಗ ಬರೆಯಲು ಕೂತಿದ್ದೇನೆ.

ಮೊದಲು ನಾವಿದ್ದದ್ದು ಸೊಲ್ಲಾಪುರದ ಹಳೆಯ ಓಣಿಯೊಂದರಲ್ಲಿ, ಚಾದರ ನೇಯುವ ಕಾರಖಾನೆಯ ಮೇಲಿನ ಎರಡು ಬಾಡಿಗೆ ಕೋಣೆಗಳಲ್ಲಿ. ಈ ಕಾಲೇಜು ಕಟ್ಟಿದ ಸರ್ ಫಿಜಿಕ್ಸು, ಗಣಿತ ಎರಡನ್ನೂ ಕಲಿಸುತ್ತಿದ್ದರು. ನಾನು ಕೆಮಿಸ್ಟ್ರಿ. ಕೆಳಗೆ ಮಗ್ಗಗಳು ಓಡುತ್ತಿದ್ದರೆ ಮೇಲೆ ಬೆಂಚುಗಳು ನಡುಗುತ್ತಿದ್ದವು. ಕರೆಂಟು ಹೋದಾಗ ಮಗ್ಗಗಳು ಗಪ್ಪನೆ ನಿಂತು, ನಾನು ಒಬ್ಬಳೇ ಕಿರುಚುತ್ತಿರುವುದು ನನಗೇ ಕೇಳಿಸುತ್ತಿತ್ತು. ನನ್ನ ದನಿ ದೊಡ್ಡದು ಎಂದು ಇವತ್ತಿನ ಸ್ಟಾಫ್ ರೂಮಿನ ಹುಡುಗಿಯರು ಆಡಿಕೊಳ್ಳುತ್ತಾರೆ. ಮಗ್ಗದ ಮೇಲೆ ನಿಂತು ಒಂದು ವಾರ ಪಾಠ ಮಾಡಲಿ, ಆಮೇಲೆ ಆಡಿಕೊಳ್ಳಲಿ.

ಸರ್ ಮರಾಠಿಯವರು. ಅವರಿಗೆ ಕನ್ನಡ ಬರುತ್ತಿದ್ದದ್ದು ಅಷ್ಟಕ್ಕಷ್ಟೇ, ಆದರೆ ಬರುವುದಿಲ್ಲ ಎಂದು ಸುಮ್ಮನಿರುವ ಮನುಷ್ಯ ಅಲ್ಲ. ನಮ್ಮ ಮಕ್ಕಳ ಫಲಿತಾಂಶ ಮೊದಲ ಸಲ ಊರಿನ ಬಾಯಿಗೆ ಬಿದ್ದ ವರ್ಷ ಅವರು ಒಂದು ಮಾತು ತೆಗೆದರು. ಅಕ್ಕಲಕೋಟ ತಾಲೂಕಿನ ಗಡಿ ಹಳ್ಳಿಗಳ ಮಕ್ಕಳಿಗೆ ಪ್ರತಿ ವರ್ಷ ಹತ್ತು ಸೀಟು ಪುಕ್ಕಟೆ ಕೊಡೋಣ, ಪರೀಕ್ಷೆ ಇಟ್ಟು ಆರಿಸೋಣ ಎಂದರು. ನಮಗೇ ಬಾಡಿಗೆ ಕಟ್ಟಲು ತ್ರಾಸಾಗುತ್ತಿದ್ದ ಕಾಲ ಅದು. ಆದರೂ ಅವರು ಸ್ಕೂಟರು ಹತ್ತಿ ಹಳ್ಳಿ ಹಳ್ಳಿಯ ಶಾಲೆಗೆ ಹೋಗಿ, ಕೈಬರಹದ ನೋಟೀಸನ್ನು ತಾವೇ ಗೋಡೆಗೆ ಅಂಟಿಸಿ ಬಂದರು. ಆ ಮನುಷ್ಯನ ಬಗ್ಗೆ ನನಗೆ ನೂರು ತಕರಾರುಗಳಿವೆ, ಆದರೆ ಈ ಒಂದು ಕೆಲಸಕ್ಕೆ ಕೈ ಮುಗಿಯುತ್ತೇನೆ.

ಪರೀಕ್ಷೆಗೆ ಅವರು ಎರಡು ನಿಯಮ ಮಾಡಿದರು. ಹಳ್ಳಿಯ ದೊಡ್ಡವರು ನಮ್ಮ ಹುಡುಗ, ನಮ್ಮ ಹುಡುಗಿ ಎಂದು ವಶೀಲಿ ತರುವುದು ಗೊತ್ತೇ ಇತ್ತು. ಆದ್ದರಿಂದ ಪೇಪರ್ ತಪಾಸುವವರಿಗೆ, ಅಂದರೆ ಓದಿ ಮಾರ್ಕ್ಸ್ ಹಾಕುವವರಿಗೆ, ಮಗುವಿನ ಹೆಸರು ಕಾಣಕೂಡದು. ಮಕ್ಕಳು ಹಾಳೆಯ ತುದಿಗೆ, ಕೊನೆಯ ಸಾಲಿನಲ್ಲಿ ಹೆಸರು ಬರೆಯಬೇಕು, ನಾವು ಅದನ್ನು ಮಡಚಿ ಪಿನ್ನು ಹೊಡೆಯಬೇಕು. ಇದು ಮೊದಲನೆಯದು. ಹೆಸರಿಲ್ಲದ ಪೇಪರಿಗೆ ಕೆಂಪು ಪೆನ್ನು ಮುಟ್ಟಿಸಬಾರದು, ಅದು ರದ್ದು. ಇದು ಎರಡನೆಯದು.

ಪರೀಕ್ಷೆಯ ದಿನ ಸರ್ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿ, “ಮ್ಯಾಡಮ್, ಒಳಗ ಕನ್ನಡ ಸಾಲಿ ಹುಡುಗ್ರು ಆಹೇತ. ಅವ್ರಿಗೆ ಕನ್ನಡದಾಗ ಸಾಂಗ್ರಿ” ಅಂದರು. ಹೇಳ್ರಿ ಅನ್ನಲು ಅವರಿಗೆ ಬರುತ್ತಿರಲಿಲ್ಲ, ಮರಾಠಿಯ ‘ಸಾಂಗ’ಕ್ಕೇ ನಮ್ಮ ‘ರಿ’ ಹಚ್ಚುತ್ತಿದ್ದರು. ನಾನು ನಗುತ್ತ ತಲೆಯಾಡಿಸಿ ಒಳಗೆ ಹೋದೆ.

ಒಳಗೆ ಹೋಗಿ ಮರಾಠಿಯಲ್ಲಿ ಹೇಳಿದೆ.

ಯಾಕೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ನಮ್ಮ ಮನೆಮಾತು ಕನ್ನಡ. ಓದಲು ಬರೆಯಲು ಅವ್ವನೇ ಕಲಿಸಿದಳು. ಆದರೆ ನಾನು ಹೋದದ್ದು ಮರಾಠಿ ಶಾಲೆಗೆ, ಮತ್ತು ಸೀರೆಯ ನೆರಿಗೆ ಸರಿಮಾಡಿಕೊಂಡು ಪಾಠಕ್ಕೆ ನಿಂತ ಕೂಡಲೇ ನನ್ನ ಬಾಯಿಗೆ ಮರಾಠಿಯೇ ಬರುತ್ತಿತ್ತು. ಅದು ಬ್ಯಾಂಕಿನ, ಕಚೇರಿಯ ಮಾತು. ಕನ್ನಡ ಅಡುಗೆಮನೆಯದು. ಆ ಮಕ್ಕಳೊಂದಿಗೆ ಕನ್ನಡ ಆಡಿದರೆ ಮ್ಯಾಡಮ್ ಹೋಗಿ ಅಕ್ಕಾ ಆಗಿಬಿಡುತ್ತೇನೆ ಎಂಬ ಹಮ್ಮು ಇತ್ತು. ಹಮ್ಮು ಎಂದೇ ಹೇಳುತ್ತೇನೆ, ಬೇರೆ ಹೆಸರು ಕೊಡುವುದಿಲ್ಲ.

ಪೇಪರ್ ತಪಾಸುವವರಿಗೆ ಹೆಸರು ಕಾಣಬಾರದು ಎಂದು ಮರಾಠಿಯಲ್ಲಿ ವಿವರಿಸಿ, ಕೊನೆಗೆ ಎರಡೇ ಮಾತಿನಲ್ಲಿ ಮುಗಿಸಿದೆ: “ನಾವ್ ಖಾಲಿ. ವರ್ ನಾಹೀ.” ಮರಾಠಿಯಲ್ಲಿ ನಾವ್ ಅಂದರೆ ಹೆಸರು, ಖಾಲಿ ಅಂದರೆ ಕೆಳಗೆ. ಹೆಸರು ಕೆಳಗೆ, ಮೇಲೆ ಬೇಡ. ನನ್ನ ಲೆಕ್ಕದಲ್ಲಿ ಅದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿರಲಿಲ್ಲ. ಕೆಲವು ಮಕ್ಕಳು ಪಕ್ಕದವರ ಹಾಳೆ ನೋಡಿದರು, ನೋಡಿ ತಾವೂ ಹೆಸರನ್ನು ಅಲ್ಲೇ ಬರೆದರು. ಬಂದ ಮಕ್ಕಳ ಪಟ್ಟಿ ಮಾಡಬೇಕು ಎಂಬ ಬುದ್ಧಿ ನಮಗೆ ಆಗಿನ್ನೂ ಬಂದಿರಲಿಲ್ಲ.

ಕನ್ನಡದಲ್ಲಿ ಬರೆದ ಪೇಪರುಗಳು ನನ್ನ ಪಾಲಿಗೆ ಬಂದವು, ಬೇರೆ ಯಾರಿಗೂ ಓದಲು ಬರುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಮನೆಯಲ್ಲಿ ಕೂತು ತಪಾಸುವಾಗ ಒಂದರ ತುದಿ ಮಡಚಿರಲಿಲ್ಲ, ಅಲ್ಲಿ ಹೆಸರೇ ಇರಲಿಲ್ಲ. ಪಕ್ಕಕ್ಕೆ ಇಡಬೇಕಿತ್ತು, ಆದರೆ ಓದಿದೆ. ಓದದಿದ್ದರೆ ಒಳ್ಳೆಯದಿತ್ತು. ಅಕ್ಷರ ವಿಚಿತ್ರವಾಗಿತ್ತು. ಒತ್ತಕ್ಷರಗಳು ಮೇಲಿನ ಅಕ್ಷರಕ್ಕಿಂತ ದೊಡ್ಡವು, ಸಾಲು ಬಿಟ್ಟು ದೂರ ಇಳಿದು ಕೂತಿದ್ದವು. ಉರಿಯುವ ಮೇಣಬತ್ತಿಯ ಮೇಲೆ ಪಾತ್ರೆ ಮುಚ್ಚಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಎಲ್ಲರೂ ಪುಸ್ತಕದ ಒಂದು ಸಾಲು ಬರೆದಿದ್ದರು. ಈ ಮಗು, ತಾನು ಮೊದಲು ತಂಬಿಗೆ ಮುಚ್ಚಿ ನೋಡಿದ್ದಾಗಿಯೂ, ಒಳಗೆ ಏನಾಯಿತೋ ಕಾಣಲಿಲ್ಲವಾದ್ದರಿಂದ ಉಪ್ಪಿನಕಾಯಿಯ ಗಾಜಿನ ಬರಣಿ ತೊಳೆದು ಮುಚ್ಚಿದ್ದಾಗಿಯೂ, ದೊಡ್ಡ ಬರಣಿಯೊಳಗೆ ಬತ್ತಿ ಹೆಚ್ಚು ಹೊತ್ತು ಉರಿದದ್ದಾಗಿಯೂ ಬರೆದಿತ್ತು. ಇಡೀ ಪೇಪರಿನಲ್ಲಿ ತಪ್ಪು ಎರಡೇ. ಅದಕ್ಕಿಂತ ಚೆನ್ನಾಗಿ ಯಾರೂ ಬರೆದಿರಲಿಲ್ಲ.

ಇಷ್ಟು ಶಾಣ್ಯಾ ಮಗು ಹೆಸರು ಯಾಕೆ ಬರೆಯಲಿಲ್ಲ ಎಂದು ನಾನು ತಲೆ ಕೆರೆದುಕೊಳ್ಳುತ್ತಿರುವಾಗ ಅಡುಗೆಮನೆಯಿಂದ ಅವ್ವ, “ಎಣ್ಣಿ ಡಬ್ಬಿ ಖಾಲಿ ಆಗೇದ ನೋಡವಾ, ಸಂಜಿಕ ತರಬೇಕು” ಅಂದಳು.

ಡಬ್ಬಿ ಖಾಲಿ. ಹೆಸರು ಖಾಲಿ. ನಾನು ಹೇಳಿದ್ದನ್ನು ಆ ಮಗು ಅಕ್ಷರಶಃ ಪಾಲಿಸಿತ್ತು, ಪಕ್ಕದವರ ಹಾಳೆಯನ್ನೂ ನೋಡಿರಲಿಲ್ಲ.

ಆಗಲೂ ಕಾಲ ಮಿಂಚಿರಲಿಲ್ಲ. ಬಂದಿದ್ದ ಕನ್ನಡ ಶಾಲೆಗಳು ನಾಲ್ಕೋ ಐದೋ. ಒಂದು ದಿನ ಕೂತು ಫೋನು ಮಾಡಿದ್ದರೆ, ಬರಣಿ ಮುಚ್ಚಿ ನೋಡಿದ ಮಗು ಯಾವುದು ಎಂದು ಯಾವ ಮಾಸ್ತರೂ ಹೇಳಿಬಿಡುತ್ತಿದ್ದರು. ಆದರೆ ಅದಕ್ಕೆ ನಾನು ಸರ್ ಮುಂದೆ ನಿಂತು, ನೀವು ಕನ್ನಡದಲ್ಲಿ ಹೇಳಿ ಅಂದಿರಿ, ನಾನು ಹೇಳಲಿಲ್ಲ ಎನ್ನಬೇಕಿತ್ತು. ಸೋಮವಾರ ಬೆಳಿಗ್ಗೆ ಅವರ ಮೇಜಿನ ಮೇಲೆ ಪೇಪರುಗಳನ್ನು ಇಡುತ್ತ, “ಒಂದು ಮಗು ಹೆಸರು ಬರೆಯೋದು ಮರೆತಿದೆ” ಎಂದೆ. ಸರ್ ಬೇಸರ ಪಟ್ಟುಕೊಂಡರು. ನಿಯಮ ಅಂದರೆ ನಿಯಮ, ಒಬ್ಬರಿಗೆ ಬಿಟ್ಟರೆ ನಾಳೆ ಊರೆಲ್ಲ ಬೆರಳು ತೋರಿಸುತ್ತದೆ ಎಂದರು. ಅವರದ್ದು ಸರಿಯೇ ಇತ್ತು. ನನ್ನದು ಸುಳ್ಳು.

ಹತ್ತು ಹೆಸರುಗಳ ಪಟ್ಟಿ ಹಚ್ಚಿದೆವು. ಆ ಪೇಪರನ್ನು ನಾನು ಹರಿಯಲಿಲ್ಲ, ನನ್ನ ಫೈಲಿನೊಳಗೆ ಇಟ್ಟುಕೊಂಡೆ.

ಮಗ್ಗದ ಮೇಲಿನಿಂದ ನಾವು ಮದುವೆ ನಡೆಯುವ ಒಂದು ಮಂಗಲ ಕಾರ್ಯಾಲಯದ ಹಿಂದಿನ ಮಹಡಿಗೆ ಹೋದೆವು, ಅಲ್ಲಿಂದ ಅಕ್ಕಲಕೋಟ ರಸ್ತೆಗೆ. ಪ್ರತಿ ಸಲ ಸಾಮಾನು ಕಟ್ಟುವಾಗ ಆ ಫೈಲು ಕೈಗೆ ಸಿಗುತ್ತಿತ್ತು, ಪ್ರತಿ ಸಲ ಅದನ್ನು ಸಾಮಾನಿನ ತಳಕ್ಕೆ ಸೇರಿಸುತ್ತಿದ್ದೆ. ಹತ್ತು ಸೀಟು ಇಪ್ಪತ್ತಾದವು. ಪುಕ್ಕಟೆ ಓದಿದ ಮಕ್ಕಳಲ್ಲಿ ಡಾಕ್ಟರಾದವರಿದ್ದಾರೆ. ಅವರು ವರ್ಷಕ್ಕೊಮ್ಮೆ ಬಂದು ಕಾಲು ಮುಟ್ಟುವಾಗ ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೆ. ಪರೀಕ್ಷೆಯ ಸೂಚನೆಗಳನ್ನು ಎರಡು ಭಾಷೆಯಲ್ಲಿ ಓದಬೇಕು ಎಂದು ಮರು ವರ್ಷವೇ ಹಠ ಹಿಡಿದು ಮಾಡಿಸಿದೆ. ಮ್ಯಾಡಮ್ಮನಿಗೆ ಕನ್ನಡದ ಅಭಿಮಾನ ಬಹಳ ಎಂದು ಸ್ಟಾಫಿನವರು ಚೇಷ್ಟೆ ಮಾಡಿದರು. ಮಾಡಲಿ ಎಂದು ಬಿಟ್ಟೆ.

ಸುಮಾರು ಹತ್ತು ವರ್ಷದ ಮೇಲೆ, ಅಂದರೆ ಹೋದ ಚಳಿಗಾಲದಲ್ಲಿ, ದುಧನಿ ಹತ್ತಿರದ ಒಂದು ಹಳ್ಳಿಗೆ ಕಾಲೇಜಿನ ಬಸ್ಸು ಹೋಯಿತು. ಹಳ್ಳಿಯವರ ರಕ್ತದ ಗುಂಪು ನೋಡಿ ಕಾರ್ಡು ಕೊಡುವ ಶಿಬಿರ. ಇಂಥದ್ದನ್ನು ನಾವು ಈಗ ವರ್ಷಕ್ಕೆ ನಾಲ್ಕೈದು ಮಾಡುತ್ತೇವೆ, ಒಳ್ಳೆಯದಕ್ಕೂ ಹೌದು, ಫೋಟೋಕ್ಕೂ ಹೌದು. ಶಾಲೆಯ ಜಗುಲಿಯಲ್ಲಿ ಮೇಜು ಹಾಕಿದೆವು. ಆ ಊರಿನ ಆಶಾ ಕಾರ್ಯಕರ್ತೆ, ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು, ಮುದುಕರನ್ನು ನೆರಳಿಗೆ ಕೂರಿಸಿ, ಹೆದರಿದವರಿಗೆ ಗದರಿಸಿ, ಎಲ್ಲರನ್ನೂ ಸಾಲಿಗೆ ತಂದಿದ್ದಳು. ಕಾರ್ಡು ಬರೆಯಲು ಹೆಸರುಗಳ ಪಟ್ಟಿ ಕೇಳಿದೆ. ತನ್ನ ನೋಟ್‌ಬುಕ್ ತೆರೆದು ನನ್ನ ಮುಂದೆ ಇಟ್ಟಳು.

ಪಟ್ಟಿ ಕನ್ನಡದಲ್ಲಿತ್ತು. ಒತ್ತಕ್ಷರಗಳು ಮೇಲಿನವಕ್ಕಿಂತ ದೊಡ್ಡವು, ಸಾಲು ಬಿಟ್ಟು ಕೆಳಗಿಳಿದಿದ್ದವು.

“ನಿನ್ನ ಅಕ್ಷರೇನವಾ ಇದು?” ಎಂದು ಕೇಳಿದೆ.

“ಹೌದ್ರಿ ಮ್ಯಾಡಮ್. ಸರ್ಕಾರಕ್ಕ ಕೊಡೂದು ಮರಾಠಿಯೊಳಗ ಬರೀತೀನಿ. ಇದು ನನಗಂತ.”

“ಸಾಲ್ಯಾಗಿದ್ದಾಗ ನಮ್ಮ ಕಾಲೇಜಿನ ಪರೀಕ್ಷಾಕ್ಕ ಬಂದಿದ್ದೇನು?”

“ಬಂದಿದ್ನಿರಿ. ಆ ಮಗ್ಗದ ಮ್ಯಾಲಿನ ಖೋಲಿಗೆ. ನೀವ ಇದ್ರಿ ಅವತ್ತ, ನಾ ಗುರ್ತ ಹಿಡದೀನಿ.” ಆಮೇಲೆ ಸಹಜವಾಗಿ, “ನಪಾಸಾದೆ” ಅಂದಳು, ಮುಂದಿನ ಮುದುಕಿಯ ಕೈಹಿಡಿದು ಕೂರಿಸಲು ಹೋದಳು.

ಇಷ್ಟು ವರ್ಷ ನಾನು ಅವಳ ಸೀಟಿನ ಬಗ್ಗೆ ಯೋಚಿಸಿದ್ದೆ. ಅವಳು ತಾನು ನಪಾಸು ಎಂದುಕೊಂಡೇ ಬದುಕುತ್ತಿರುತ್ತಾಳೆ ಎಂದು ಒಂದು ಸಲವೂ ಹೊಳೆದಿರಲಿಲ್ಲ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಅಂದು ಎರಡು ಕಾರ್ಡುಗಳಲ್ಲಿ ಗುಂಪು ತಪ್ಪು ಬರೆದು, ಲ್ಯಾಬಿನವರಿಂದ ಹೇಳಿಸಿಕೊಂಡು ತಿದ್ದಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಸರ್ ಪಕ್ಕದ ಸೀಟಿಗೆ ಹೋಗಿ ಕೂತು ಎಲ್ಲ ಹೇಳಿದೆ. ಖಾಲಿಯ ವಿಷಯ, ಎಣ್ಣೆ ಡಬ್ಬಿ, ಸೋಮವಾರದ ಸುಳ್ಳು. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. “ಪೇಪರ್ ಆಹೇ?” ಎಂದು ಕೇಳಿದರು. ಇದೆ ಎಂದೆ. “ತೋ ಆಕೀದು. ಕೊಟ್ಟ ಬರ್ರಿ,” ಎಂದರು.

ಮುಂದಿನ ಭಾನುವಾರ ಪ್ಯಾಸೆಂಜರ್ ರೈಲು ಹಿಡಿದು ದುಧನಿಯಲ್ಲಿ ಇಳಿದು, ಟಂಟಂ ಆಟೋದಲ್ಲಿ ಅವಳ ಊರಿಗೆ ಹೋದೆ. ಅವಳ ಅತ್ತೆ ಚಹಾ ಮಾಡಲು ಒಳಗೆ ಹೋದರು. ಅವಳು ಎದುರಿಗೆ ಕೂತಳು.

“ಅವತ್ತ ಹೆಸರ ಯಾಕ ಬರೀಲಿಲ್ಲವಾ?” ಎಂದೆ.

“ನೀವ ಹೇಳಿದ್ರೆಲ್ಲಾ, ನಾವ್ ಖಾಲಿ ಅಂತ. ನಾವ್ ಅಂದ್ರ ಹೆಸರು ಅನ್ನೂದಷ್ಟ ಗೊತ್ತಿತ್ರಿ. ಹೆಸರ ಕಂಡ್ರ ವಶೀಲಿ ನಡೀತದ, ಅದಕ್ಕ ಖಾಲಿ ಬಿಡಸ್ತಾರ, ಕುಂತ ಜಾಗಾದ ಮ್ಯಾಲ ಗುರ್ತ ಹಿಡೀತಾರ ಅಂತ ತಿಳಕೊಂಡೆ. ಆಮ್ಯಾಲ ಮರಾಠಿ ಛಲೋ ಬಂದ ಮ್ಯಾಲ ಒಮ್ಮೊಮ್ಮೆ ಸಂಶೇ ಬರ್ತಿತ್ರಿ. ಯಾರಿಗೆ ಕೇಳೂದು?”

“ನೀ ನಪಾಸಾಗಿದ್ದಿಲ್ಲ. ಅವತ್ತ ಎಲ್ಲಾರಕಿಂತ ಛಲೋ ಬರದಾಕಿ ನೀನ. ಕನ್ನಡದಾಗ ಹೇಳು ಅಂತ ನಮ್ಮ ಸರ್ ನನಗ ಹೇಳಿದ್ರು, ನಾ ಹೇಳಲಿಲ್ಲ. ಮರುದಿನಾನ ನನಗ ತಿಳೀತು. ತಿಳದೂ ನೀ ಮರತೀದಿ ಅಂತ ಅವರಿಗೆ ಸುಳ್ಳ ಹೇಳಿದೆ. ನಂದ ತಪ್ಪವಾ.”

ಅವಳು ಪರವಾಗಿಲ್ಲ ಎನ್ನಲಿಲ್ಲ. ಅನ್ನಬಾರದಿತ್ತು, ಅನ್ನಲಿಲ್ಲ.

“ನಮ್ಮಪ್ಪ ಸಾಯೂತನಕಾ ಅಂತಿದ್ದ,” ಅಂದಳು. “ಸೈನ್ಸ್ ನಿನ್ನ ತಲಿಗಿ ಹತ್ತೂದಲ್ಲ ಬಿಡು ಅಂತ. ಸಮಾಧಾನಕ್ಕಂತನ ಅಂತಿದ್ದ. ನಾನೂ ಹೌದು ಅಂತಿದ್ದೆ.”

ನನಗೆ ಕಣ್ಣು ತುಂಬಿ ಬಂತು. ಅವಳ ಮುಂದೆ ಅಳುವ ಹಕ್ಕು ನನಗಿಲ್ಲ ಎಂದು ಚೀಲ ತೆರೆದು ಪೇಪರು ತೆಗೆದುಕೊಟ್ಟೆ. ಅಂಚು ಹಳದಿಯಾಗಿತ್ತು. ಅವಳು ಮೊದಲ ಸಾಲಿನಿಂದ ಶುರು ಮಾಡಿ ಕೊನೆಯ ತನಕ, ಪರೀಕ್ಷೆಗೆ ಕೂತ ಮಗುವಿನ ಹಾಗೆ ತುಟಿ ಅಲುಗಿಸುತ್ತ ಓದಿದಳು. ಬರಣಿಯ ಉತ್ತರಕ್ಕೆ ಬಂದಾಗ ಒಂದು ಕ್ಷಣ ನಿಂತು ಅದನ್ನು ಮತ್ತೊಮ್ಮೆ ಓದಿದಳು. ಆಮೇಲೆ ಗೂಡಿನಲ್ಲಿದ್ದ ತನ್ನ ಪೆನ್ನು ತಂದು, ಹಾಳೆಯ ತುದಿಗೆ, ಕೊನೆಯ ಸಾಲಿನಲ್ಲಿ, ತನ್ನ ಹೆಸರನ್ನೂ ತಂದೆಯ ಹೆಸರನ್ನೂ ಬರೆದಳು.

ಹಾಳೆಯನ್ನು ನನ್ನ ಕಡೆ ಸರಿಸಿದಳು.

“ಈಗ ತಪಾಸ್ರಿ, ಮ್ಯಾಡಮ್.”

ಚೀಲದಲ್ಲಿ ಕೆಂಪು ಪೆನ್ನು ಇತ್ತು, ಅದು ಇಲ್ಲದೆ ನಾನು ಹೊರಗೆ ಹೋಗುವುದೇ ಇಲ್ಲ. ಮೊದಲನೆಯ ಪ್ರಶ್ನೆಯಿಂದ ಶುರು ಮಾಡಿದೆ. ಅವಳು ಎದುರಿಗೆ ಕೂತು ಒಂದೊಂದೇ ಗುರುತನ್ನು ನೋಡುತ್ತಿದ್ದಳು. ಆ ಎರಡು ತಪ್ಪಿಗೂ ಮಾರ್ಕ್ಸ್ ಕಳೆದೆ.