ದೊಡ್ಡಪ್ಪನ ಹೆಸರು ತಡವಾಗಿ ಮೂಡಿದ್ದು

ರೋಣದ ಬಸ್ ನಿಲ್ದಾಣದ ಹಿಂದೆ ನನ್ನ ಹೊಲಿಗೆ ಅಂಗಡಿ, ಪಕ್ಕದಲ್ಲೇ ಕವಿತಾಳ ಕಂಪ್ಯೂಟರ್ ಅಂಗಡಿ. ಲಗ್ನಪತ್ರಿಕೆಯನ್ನು ಮೊಬೈಲಿನಲ್ಲಿ ತೆರೆಯುವ ವೆಬ್ ಪುಟವಾಗಿ ಮಾಡಿಕೊಡುವುದು ಅವಳ ಕೆಲಸ. ಕೈ ಚುರುಕು, ತಲೆ ಮಾತ್ರ ಗೊಂದಲದ ಗೂಡು. ತಾನು ಚಹಾ ಕುಡಿದೆನೋ ಇಲ್ಲವೋ ಎಂದು ನನ್ನನ್ನು ಕೇಳುತ್ತಾಳೆ, ಏನು ಹೇಳಲಿ!

ಅವತ್ತು ನೀಲಪ್ಪ ಬಂದು ಅವಳ ಕುರ್ಚಿಯಲ್ಲಿ ಕುಸಿದ. ಮುಂದಿನ ವಾರ ಅವನ ಮಗಳ ಮದುವೆ.

"ಏನ ಮಾಡಿದಿಯವಾ ತಂಗಿ? ಪತ್ರಿಕಿನ್ಯಾಗ ನಮ್ಮಣ್ಣ ಗುರುಸಂಗಪ್ಪನ ಹೆಸರಽ ಇಲ್ಲಂತ. ಮದವಿಗೆ ಕಾಲಿಡಂಗಿಲ್ಲ ಅಂದಾನ. ಅಪ್ಪ ಸತ್ತ ಮ್ಯಾಲ ನನ್ನ ಬೆಳೆಸಿದಾಂವ ಅಂವಾ."

ಕವಿತಾ ಪುಟ ತೆರೆದಿಟ್ಟಳು. ಗುರುಸಂಗಪ್ಪನ ಹೆಸರು ಎಲ್ಲರಿಗಿಂತ ಮೇಲೆ, ಬಂಗಾರದ ಬಣ್ಣದಲ್ಲಿತ್ತು. "ಐತಲ್ರಿ ಕಾಕಾ!" ನೀಲಪ್ಪನ ಮೊಬೈಲಿನಲ್ಲೂ ಇತ್ತು. ಇಲ್ಲಿ ಕಾಣುವ ಹೆಸರು ಅಣ್ಣನ ಊರು ಬೆಳವಣಕಿಯಲ್ಲಿ ಹೇಗೆ ಮಾಯವಾದೀತು? ಮೂವರೂ ಮಾತಾಡುತ್ತ ಮತ್ತೊಮ್ಮೆ ತೆರೆದು ನೋಡಿದೆವು, ಹೆಸರು ಇತ್ತು.

ಮಧ್ಯಾಹ್ನದವರೆಗೆ ತಲೆ ಕೆರೆದುಕೊಂಡ ಮೇಲೆ ಅವಳಿಗೆ ಹೊಳೆಯಿತು. ಪುಟ ತೆರೆದಾಗ ಹೆಸರುಗಳು ಒಂದೊಂದಾಗಿ ಮೂಡಿ ಬರಲು ಪ್ರತಿ ಹೆಸರಿಗೂ ಎರಡು ಅಂಕಿ ಬರೆಯಬೇಕಂತೆ. ಮೊದಲನೆಯದು ಮೂಡಲು ಹಿಡಿಯುವ ಹೊತ್ತು, ಎರಡನೆಯದು ಮೂಡುವ ಮುನ್ನ ಕಾಯುವ ಹೊತ್ತು. ಹಿರಿಯರ ಹೆಸರು ನಿಧಾನವಾಗಿ, ಗಂಭೀರವಾಗಿ ಬರಲಿ ಎಂದು ಇಟ್ಟ ದೊಡ್ಡ ಅಂಕಿಯನ್ನು ಇವಳು ಎರಡನೆಯ ಜಾಗದಲ್ಲಿ ಬರೆದಿದ್ದಳು. ಅದು ಮೂಡುವಷ್ಟರಲ್ಲಿ ಮುದುಕ ಮೊಬೈಲು ಮುಚ್ಚಿರಬೇಕು. ನಾವು ಮಾತಾಡುತ್ತ ನೋಡಿದವರು, ತಡವಾದದ್ದು ಗೊತ್ತೇ ಆಗಲಿಲ್ಲ.

ಅವಸರದಲ್ಲಿ ಕಾಯುವ ಅಂಕಿಯನ್ನು ಸೊನ್ನೆ ಮಾಡಿ ಗುರುಸಂಗಪ್ಪನಿಗೆ ಮತ್ತೆ ಕಳಿಸಿದಳು. ತಕ್ಷಣ ನೀಲಪ್ಪನಿಗೆ ಅಣ್ಣನ ಫೋನು ಬಂತು: "ಬೈದ ಮ್ಯಾಲ ಹೆಸರ ಹಾಕೀರಿ. ಬ್ಯಾಡ, ತಗೀರಿ ಅದನ್ನ."

"ಅಯ್ಯ ಶಿವನ, ಸರಿ ಮಾಡಿದ್ದಽ ತಪ್ಪಾತಲ್ಲ ಉಮಕ್ಕಾ!" ಕವಿತಾಳಿಗೆ ಅಳುವುದೊಂದು ಬಾಕಿ. ನನಗೆ ಸಿಟ್ಟು ನೆತ್ತಿಗೇರಿತು. "ಏಳ, ಆ ತಪ್ಪನ್ನ ತಿರುಗಿ ಹಾಕು. ಅವರ ಕಣ್ಣಮುಂದಽ ತೋರಸೂಣು" ಎಂದೆ.

ಮೂವರೂ ಬೆಳವಣಕಿಗೆ ಹೋದಾಗ ಗುರುಸಂಗಪ್ಪ ಕಟ್ಟೆಯ ಮೇಲೆ ಕುಳಿತಿದ್ದ, ಬರ್ರಿ ಅನ್ನಲಿಲ್ಲ. ಕವಿತಾ ಪುಟ ತೆರೆದು ಮೊಬೈಲನ್ನು ಅವನ ಕೈಗಿಟ್ಟಳು. ವಧೂವರರ ಹೆಸರು ಬಂತು, ನೀಲಪ್ಪನ ಹೆಸರು ಬಂತು. ಮೇಲುಗಡೆ ಖಾಲಿ.

"ನೋಡ, ಇದನ್ನಽ ನೋಡಿದ್ದು ನಾ" ಎಂದು ಅವನು ಮೊಬೈಲು ತಿರುಗಿ ಕೊಡಲು ಹೋದ.

"ಒಂದೀಟ ತಡೀರಿ ಅಜ್ಜಾರ" ಎಂದು ಕವಿತಾ ಅವನ ಕೈ ಹಿಡಿದಳು. ಖಾಲಿ ಜಾಗದಲ್ಲಿ ಅವನ ಹೆಸರು ಮೂಡಿತು.

ಮುದುಕ ಆ ಹೆಸರಿನ ಮೇಲೆ ಬೆರಳಾಡಿಸಿದ. ಆಮೇಲೆ ತಮ್ಮನನ್ನು ಹತ್ತಿರ ಕರೆದ.

"ನೀಲ್ಯಾ, ಆ ಜಾಗಾ ನನಗಂತಽ ಬಿಟ್ಟಿದ್ರಿ. ನಾನಽ ತಡೀಲಿಲ್ಲೋ" ಎಂದವನೇ ಅವನ ಹೆಗಲು ಹಿಡಿದು ಅತ್ತುಬಿಟ್ಟ.